ರಿಟರ್ನ್

ಕೀಲಿಕೈ ಗೊಂಚಲು ಎತ್ತಿಕೊಂಡೆ. ಕೂತೆ.
ಚಪ್ಪಲಿ ಮೆಟ್ಟಿದೆ, ಅಡುಗೆಮನೆಗೆ ಹೋಗಿ ಒಗ್ಗರಣೆ ಹಾಕಿದೆ.
ಹೆಗಲಿಗೆ ಬ್ಯಾಗು ಏರಿಸಿ ಒಣಗಿದ ಬಟ್ಟೆ ಮಡಚಿದೆ.
ಭಾನುವಾರವೆಲ್ಲ ಇದೇ ನಾಟಕ,
ನೋಡುವವಳು ಒಬ್ಬಳೇ: ಮೂರು ತಿಂಗಳ ಶೇಂಗಾ,
ತಂತಿಗೆ ಮೂಗು ಒತ್ತಿ.
ಕೀಲಿಯ ಸದ್ದಿಗೂ ನಾನು ಕಾಣೆಯಾಗುವುದಕ್ಕೂ
ಅವಳೇ ಹಾಕಿಕೊಂಡ ಗಂಟು;
ಉಗುರಿನಲ್ಲಿ ಬಿಚ್ಚುತ್ತಿದ್ದೇನೆ.

ಮೊದಲ ದಿನ ಇದೆಲ್ಲ ಗೊತ್ತಿರಲಿಲ್ಲ.
ಭಾಂಡುಪಿನ ಈ ಮೂರನೇ ಮಹಡಿಯಿಂದ ಎದ್ದ ಊಳು
ನಾಲ್ಕನೆಯದಕ್ಕೆ ಹತ್ತಿ, ನೀರಿನ ಟಾಕಿ ಸುತ್ತಿ,
ಸೊಸೈಟಿಯ ನೋಟಿಸ್ ಬೋರ್ಡಿಗೆ ಇಳಿಯಿತು,
ದಳವಿಯವರ ದುಂಡಗಿನ ಮರಾಠಿ ಅಕ್ಷರದಲ್ಲಿ
‘ಕೃಪಯಾ’ ಎಂದು ಶುರುವಾಗಿ, ಕೃಪೆಯಿಲ್ಲದೆ ಮುಗಿದು.
ಮರಳಿ ಬಂದಾಗ ಹಾಸು ಚಿಂದಿ,
ಅವಳ ಮೂಗಿನ ಮೇಲೆ ತಂತಿ ಉಜ್ಜಿದ ಕೆಂಪು ಗೆರೆ.
ತಬ್ಬಿಕೊಂಡು ಅತ್ತೆ. ಅದೂ ತಪ್ಪಂತೆ.
ಬಂದದ್ದನ್ನು ಅಷ್ಟು ದೊಡ್ಡದು ಮಾಡಿದರೆ
ಹೋದದ್ದೂ ದೊಡ್ಡದಾಗುತ್ತದಂತೆ.

ನಾನು ಟಿಕೆಟ್ ಮಾರುವವಳು.
ನಾಹೂರ್ ಸ್ಟೇಷನ್ನಿನ ಎರಡನೇ ಕಿಟಕಿ.
ಮುಂದೆ ಗಾಜು, ಗಾಜಿನಡಿ ಅಂಗೈಯಗಲದ ಕಂಡಿ,
ಹಿಂದೆ ಚಿಲಕ ಹಾಕಿದ ಬಾಗಿಲು.
ಎಂಟು ತಾಸು. ನನಗೆ ಯಾರೂ ಅಭ್ಯಾಸ ಮಾಡಿಸಲಿಲ್ಲ.
ಕಂಡಿಯಲ್ಲಿ ಕೈಗಳು ಬರುತ್ತವೆ: ಹಿಟ್ಟಿನ ಕೈ, ಮೆಹಂದಿ ಕೈ,
ದಿನಾ ಏಳೂವರೆಗೆ, ಎರಡು ಬೆರಳಿಲ್ಲದ ಒಂದು ಕೈ.
‘ದಾದರ್, ರಿಟರ್ನ್.’
‘ಕುರ್ಲಾ, ರಿಟರ್ನ್.’
ಎಷ್ಟು ನಿರಾಳ ಆ ಮಾತು!
ಹೋಗುವ ಮೊದಲೇ ಬರುವುದನ್ನು ಮಡಚಿ ಜೇಬಿಗಿಟ್ಟುಕೊಂಡು
ಜನ ಸೇತುವೆ ಹತ್ತುತ್ತಾರೆ.
ಶೇಂಗಾಳಿಗೆ ಅದನ್ನು ಹೇಗೆ ಮಾರಲಿ?
ಅವಳ ಲೆಕ್ಕದಲ್ಲಿ ನಾನು ಕೊಳ್ಳುವುದೆಲ್ಲ ಸಿಂಗಲ್.

ಹಾಗಾಗಿ ಚಿಲ್ಲರೆಯಿಂದ ಶುರು.
ಬಾಗಿಲಾಚೆ ಮೂವತ್ತು ಸೆಕೆಂಡು, ರಿಟರ್ನ್.
ಮೆಟ್ಟಿಲ ತಿರುವಿನವರೆಗೆ, ರಿಟರ್ನ್.
ಕೆಳಗಿಳಿದು ಒಂದು ಕಟ್ಟು ಕೊತ್ತಂಬರಿ, ರಿಟರ್ನ್...
ಅಲ್ಲಿ ಎಡವಿದೆ. ಸೊಪ್ಪಿನವಳ ಹತ್ತಿರ ನೂರಕ್ಕೆ ಚಿಲ್ಲರೆ ಇಲ್ಲ,
ಹತ್ತು ನಿಮಿಷ ತಡ,
ಮೊದಲ ಮೆಟ್ಟಿಲಲ್ಲೇ ಅವಳ ದನಿ ಎದುರಾಯಿತು.
ಅಳುವಾಗ ತೆರೆಯಬಾರದು.
ಉಸಿರಿಗೆಂದು ಅವಳು ನಿಲ್ಲಿಸುವ ಆ ಸಣ್ಣ ಸಂದಿಗೆ
ಕೀಲಿ ಹಿಡಿದು ಕಾದೆ,
ಓಡುವ ಲೋಕಲಿಗೆ ಹಾರುವವರು
ಬಾಗಿಲ ನಡುಗಂಬಕ್ಕೆ ಕಾಯುವಂತೆ.

ಪೆಟ್ಟಿಗೆಯ ಮೇಲೆ ನನ್ನ ಹಳೆಯ ಇಳಕಲ್ ಸೀರೆ,
ಗಾಳಿಗೆಂದು ಒಂದು ಬದಿ ತೆರೆದು.
ಒಳಗೆ ಮೊಸರು ತುಂಬಿ ಫ್ರೀಜರಿನಲ್ಲಿಟ್ಟ ರಬ್ಬರ್ ಗೊಂಬೆ.
ರೇಡಿಯೋದಲ್ಲಿ ಯಾರೋ ಈರುಳ್ಳಿಯ ದರ ಓದುತ್ತಿರಲಿ.
ಹತ್ತಕ್ಕೆ ದಳವಿಯವರ ಮೊಮ್ಮಗಳು ಓವಿ ಬಂದು
ಅಂಗಳಕ್ಕಿಳಿಸಿ ಉಚ್ಚೆ ಹೊಯ್ಯಿಸಿ ಹೋಗುತ್ತಾಳೆ.
ಒಂದಕ್ಕೆ ಸ್ವತಃ ದಳವಿಯವರೇ,
‘ಹುಡುಗಿ ಶಾಲೆಗೆ ಹೋಗಿರ್ತಾಳೆ, ಅಷ್ಟಕ್ಕೇ’ ಎನ್ನುತ್ತ.
ಅವರ ಜೇಬಿನ ಬಿಸ್ಕತ್ತಿನ ಪುಡಿ
ಹಾಸಿನ ಮೇಲೆ ದಿನಾ ಸಿಗುತ್ತದೆ. ನಾನು ಕೇಳಿಲ್ಲ.

ಇವತ್ತು ಮಂಗಳವಾರ, ಬೆಳಗಿನ ಪಾಳಿ.
ಟಾಟಾ ಇಲ್ಲ, ಮುತ್ತಿಲ್ಲ. ಬಾಗಿಲೆಳೆದು
ಚಪ್ಪಲಿ ಕೈಯಲ್ಲಿ ಹಿಡಿದು
ಎರಡನೇ ಮಹಡಿಯ ತಿರುವಿನಲ್ಲಿ ಕಿವಿಗೊಟ್ಟು ನಿಂತೆ.
ಯಾರದೋ ಕುಕ್ಕರು. ಯಾರೋ ಕ್ಯಾಕರಿಸಿದರು. ಪಾರಿವಾಳ.
ಮೇಲೆ ಏನೂ ಇಲ್ಲ.
ಇನ್ನೊಂದು ನಿಮಿಷ. ಇನ್ನೊಂದು.
ಒಂದು ಆಕಳಿಕೆ ಇರಬಹುದು,
ಗೊಂಬೆ ತಂತಿಗೆ ತಗುಲಿದ ಟಕ್ ಇರಬಹುದು.
ಕೂಗಲಿಲ್ಲ.

ಹನ್ನೊಂದು ದಿನದ ರಜೆ ಸುಟ್ಟದ್ದು ಇಷ್ಟಕ್ಕೇ ತಾನೆ?
ಆದರೂ ಒಳಗೊಂದು ಹಟಮಾರಿ,
ಒಂದೇ ಒಂದು ಸಲ ಕೂಗಬಾರದಿತ್ತೇ ಅನ್ನುತ್ತದೆ.
ಚಪ್ಪಲಿ ಇನ್ನೂ ಕೈಯಲ್ಲೇ ಇದೆ.
ಆರು ನಲವತ್ತು ಹೋದ ಸದ್ದು ಕೇಳಿತು.